ಸಾಧನೆ ಶುರು ಮಾಡಿದ ಮೇಲೆ ಸಿಟ್ಟು ಜಾಸ್ತಿಯಾಗಿದೆ. ಇದು ಶುದ್ಧಿಯಾ, ಸೊಕ್ಕಾ?

ನಸುಕು

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ಕೇಳದೆ ಇರಲಾಗುತ್ತಿಲ್ಲ.

ಎರಡು ವರ್ಷದಿಂದ ಸಾಧನೆ ನಡೆದಿದೆ. ಬೆಳಗ್ಗೆ ನಾಲ್ಕೂವರೆಗೆ ಏಳುತ್ತೇನೆ. ಅರ್ಧ ಗಂಟೆ ಆಸನ, ಇಪ್ಪತ್ತು ನಿಮಿಷ ಪ್ರಾಣಾಯಾಮ, ಆಮೇಲೆ ಐದು ಮಾಲೆ ಜಪ, ಕೊನೆಗೆ ಧ್ಯಾನ. ಒಂದು ದಿನವೂ ತಪ್ಪಿಲ್ಲ. ಜ್ವರ ಬಂದಾಗಲೂ ಗೋಡೆಗೆ ಒರಗಿ ಕೂತಿದ್ದೇನೆ. ಒಂದು ನೋಟ್‌ಬುಕ್ ಇಟ್ಟಿದ್ದೇನೆ, ದಿನಕ್ಕೊಂದು ಟಿಕ್ ಮಾರ್ಕ್. ಏಳುನೂರು ದಾಟಿದೆ.

ಮೊದಲ ಆರು ತಿಂಗಳು ಜಪಕ್ಕೆ ಕೂತರೆ ಕಣ್ಣೀರು ತಾನಾಗಿ ಬರುತ್ತಿತ್ತು. ಎದೆ ಹಗುರಾಗುತ್ತಿತ್ತು. ಈಗ ಏನೂ ಇಲ್ಲ. ಮಣಿ ಸರಿಯುತ್ತದೆ, ಬಾಯಿ ಹೇಳುತ್ತದೆ, ಅಷ್ಟೇ. ಅದರ ಬದಲು ಬಂದಿರುವುದು ಸಿಟ್ಟು.

ಹೋದ ವಾರ ಧ್ಯಾನದಲ್ಲಿದ್ದೆ. ಬಾಗಿಲ ಕೆಳಗಿನ ಸಂದಿಯಲ್ಲಿ ಪರಪರ ಅಂತ ಕಾಗದದ ಸದ್ದು. ನನ್ನ ಮಗಳು, ಆರು ವರ್ಷ, ತಾನು ಬರೆದ ಚಿತ್ರವನ್ನು ಒಳಗೆ ತಳ್ಳುತ್ತಿದ್ದಳು. ಎದ್ದು ಬಾಗಿಲು ತೆಗೆದು ಕೂಗಾಡಿದೆ. ಏನಂತ ಕೂಗಿದೆ ಅನ್ನುವುದನ್ನು ಬರೆಯಲು ನಾಚಿಕೆಯಾಗುತ್ತದೆ. ಮಧ್ಯಾಹ್ನ ಆ ಕಾಗದ ಕೈಗೆತ್ತಿಕೊಂಡು ನೋಡಿದೆ. ಒಂದು ಮುಚ್ಚಿದ ಬಾಗಿಲು, ಅದರ ಹಿಡಿ, ಕೆಳಗೆ ಹಳದಿ ಬಣ್ಣದ ಒಂದು ಗೆರೆ. 'ಇದರಲ್ಲಿ ನಾನೆಲ್ಲಿ?' ಅಂತ ಕೇಳಿದೆ. 'ನೀನು ಒಳಗಿದ್ದೀಯ ಅಪ್ಪ' ಅಂದಳು.

ಹೆಂಡತಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ. 'ಪ್ರಾಣಾಯಾಮ ಮಾಡುವುದು ನೀವೊಬ್ಬರೇ ಅಂದುಕೊಂಡಿದ್ದೀರಾ? ನಾಲ್ಕೂವರೆಯಿಂದ ಆರೂವರೆ ತನಕ ಈ ಮನೆಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿದೇ ಇರುತ್ತೇವೆ, ಎಲ್ಲರದ್ದೂ ಕುಂಭಕವೇ.'

ಸಾಧನೆ ಮಾಡುವಾಗ ಒಳಗಿನ ಕೊಳೆ ಮೇಲೆ ಬರುತ್ತದೆ, ಸಿಟ್ಟು ಬಂದರೆ ಶುದ್ಧಿಯಾಗುತ್ತಿದೆ ಅಂತ ಅರ್ಥ ಎಂದು ಎಲ್ಲೆಡೆ ಓದುತ್ತೇನೆ. ನಿಜವಾ? ಅಥವಾ ನಾನೇ ಎಲ್ಲೋ ದಾರಿ ತಪ್ಪಿದ್ದೀನಾ?

ಊರ್ಧ್ವಮುಖಿ

ಖಂಡಿತ ಶುದ್ಧಿಯೇ. ನಿಮ್ಮ ಕುಂಡಲಿನಿ, ಅಂದರೆ ಬೆನ್ನುಹುರಿಯ ಬುಡದಿಂದ ಏಳುವ ಶಕ್ತಿ, ಹೊಕ್ಕುಳ ಹತ್ತಿರದ ಮಣಿಪೂರ ಚಕ್ರದಲ್ಲಿ ಸಿಕ್ಕಿಹಾಕಿಕೊಂಡಿದೆ. ಅದು ಅಗ್ನಿಯ ಚಕ್ರ, ಅದಕ್ಕೇ ಸಿಟ್ಟು. ನನಗೂ ಹೀಗೇ ಆಗಿತ್ತು. ಭಸ್ತ್ರಿಕ, ಅಂದರೆ ಜೋರಾಗಿ ಉಸಿರೆಳೆದು ಬಿಡುವ ಪ್ರಾಣಾಯಾಮ, ಜಾಸ್ತಿ ಮಾಡಿ, ದಿನಕ್ಕೆ ಮೂರು ಸಲ. ಮನೆಯವರಿಗೆ ಇದೆಲ್ಲ ಅರ್ಥವಾಗುವುದಿಲ್ಲ, ತಲೆ ಕೆಡಿಸಿಕೊಳ್ಳಬೇಡಿ. ಜಾಗೃತಿ ಹತ್ತಿರದಲ್ಲಿದೆ.

ಸಂಶಯಪ್ಪ

ಒಂದೇ ಪ್ರಶ್ನೆ. ಏಳುವುದು ನಾಲ್ಕೂವರೆಗೆ ಸರಿ. ಮಲಗುವುದು ಎಷ್ಟಕ್ಕೆ?

ನಸುಕು

ಹನ್ನೊಂದೂವರೆ. ಕೆಲಸ ಇದ್ದರೆ ಹನ್ನೆರಡು.

ಸಂಶಯಪ್ಪ

ಮಣಿಪೂರ ಆಮೇಲೆ ನೋಡೋಣ, ಮೊದಲು ದಿಂಬು ಹುಡುಕಿ ಸ್ವಾಮಿ. ಎರಡು ವರ್ಷದಿಂದ ಐದು ಗಂಟೆ ನಿದ್ದೆ! ದೊಡ್ಡವರಿಗೆ ಕನಿಷ್ಠ 7 ಗಂಟೆ ಬೇಕು ಅಂತ ವೈದ್ಯರು ಬಡಕೊಳ್ಳುತ್ತಾರೆ. ನಿದ್ದೆಗೆಟ್ಟವರಿಗೆ ಕಾಗದದ ಸದ್ದೂ ಗುಡುಗಿನ ಹಾಗೆ ಕೇಳುತ್ತದೆ.

ವೈದ್ಯರ ಮಾತು ಬೇಡ ಅಂದರೆ ಗೀತೆಯನ್ನೇ ತೆಗೆಯಿರಿ. 6ನೇ ಅಧ್ಯಾಯ, 16ನೇ ಶ್ಲೋಕ. ಜಾಸ್ತಿ ತಿನ್ನುವವನಿಗೆ ಯೋಗವಿಲ್ಲ, ಏನೂ ತಿನ್ನದವನಿಗೂ ಇಲ್ಲ. ಜಾಸ್ತಿ ಮಲಗುವವನಿಗಿಲ್ಲ, ಎದ್ದೇ ಇರುವವನಿಗೂ ಇಲ್ಲ. ನಾನು ದೇವರನ್ನು ಅಷ್ಟಾಗಿ ನಂಬದವನು, ಆದರೂ ಈ ಶ್ಲೋಕ ನನಗೆ ಬಾಯಿಪಾಠ.

ಹಳೇಚಾಪೆ

ಸಂಶಯಪ್ಪನವರು ಅರ್ಧ ಕೆಲಸ ಮುಗಿಸಿಬಿಟ್ಟರು. ಉಳಿದದ್ದು ನಾನು ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ. ಇಪ್ಪತ್ತೆರಡು ವರ್ಷದಿಂದ ಯೋಗ ಕಲಿಸುತ್ತಿದ್ದೇನೆ, ಬಾಯಿ ನಿಲ್ಲುವುದಿಲ್ಲ.

ಮೊದಲು ಭಸ್ತ್ರಿಕದ ವಿಷಯ. ಸಿಟ್ಟು ಇರುವವರಿಗೆ, ನಿದ್ದೆ ಇಲ್ಲದವರಿಗೆ ದಿನಕ್ಕೆ ಮೂರು ಸಲ ಭಸ್ತ್ರಿಕ ಹೇಳುವುದು ಉರಿಯುವ ಒಲೆಗೆ ತಿದಿ ಒತ್ತಿದ ಹಾಗೆ. ಹಾಗೆ ನೋಡಿದರೆ ಆ ಹೆಸರಿನ ಅರ್ಥವೇ ತಿದಿ. ರಕ್ತದೊತ್ತಡ, ಹೃದಯದ ತೊಂದರೆ, ಹರ್ನಿಯಾ, ಮೂರ್ಛೆ ರೋಗ ಇರುವವರು, ಗರ್ಭಿಣಿಯರು ಅದರ ತಂಟೆಗೇ ಹೋಗಬಾರದು. ಹಠಯೋಗ ಪ್ರದೀಪಿಕೆ ಅನ್ನುವ ಹಳೆಯ ಯೋಗದ ಪುಸ್ತಕದಲ್ಲಿ ಒಂದು ಮಾತಿದೆ. ಸಿಂಹ, ಆನೆ, ಹುಲಿಗಳನ್ನು ಹೇಗೆ ಮೆಲ್ಲಮೆಲ್ಲಗೆ ಪಳಗಿಸುತ್ತಾರೋ ಹಾಗೆ ಉಸಿರನ್ನೂ ಪಳಗಿಸಬೇಕು, ಇಲ್ಲದಿದ್ದರೆ ಅದು ಸಾಧಕನನ್ನೇ ಕೊಲ್ಲುತ್ತದೆ. ಹೇಳಿದ್ದು ನಾನಲ್ಲ, ಅದನ್ನು ಬರೆದ ಸ್ವಾತ್ಮಾರಾಮ.

ಈಗ ನಿಮ್ಮ ನೋಟ್‌ಬುಕ್ ವಿಷಯ. ಅದೇ ಪುಸ್ತಕದ ಮೊದಲ ಭಾಗದಲ್ಲಿ ಯೋಗವನ್ನು ಹಾಳು ಮಾಡುವ ಆರು ಸಂಗತಿಗಳ ಪಟ್ಟಿ ಇದೆ. ಜಾಸ್ತಿ ತಿನ್ನುವುದು, ಮೈ ಮುರಿಯುವಷ್ಟು ದಣಿಯುವುದು, ಹರಟೆ, ನಿಯಮಾಗ್ರಹ, ಜನಸಂಗ, ಚಂಚಲತೆ. ನಾಲ್ಕನೆಯದನ್ನು ನೋಡಿ. ನಿಯಮಾಗ್ರಹ. ನಿಯಮವನ್ನು ಹಟದಿಂದ ಹಿಡಿಯುವುದು! 'ಜ್ಯೋತ್ಸ್ನಾ' ವ್ಯಾಖ್ಯಾನ ಬರೆದ ಬ್ರಹ್ಮಾನಂದರು ಇದಕ್ಕೆ ಕೊಡುವ ಉದಾಹರಣೆ ಬೆಳಗಿನ ತಣ್ಣೀರು ಸ್ನಾನ. ಜ್ವರದಲ್ಲಿ ಗೋಡೆಗೆ ಒರಗಿ ಕೂತಿದ್ದನ್ನು ನೀವು ಹೆಮ್ಮೆಯಿಂದ ಬರೆದಿದ್ದೀರಿ. ನಾನಾಗಿದ್ದರೆ ಅದನ್ನು ತಪ್ಪುಗಳ ಪಟ್ಟಿಗೆ ಸೇರಿಸುತ್ತಿದ್ದೆ.

ಇನ್ನೊಂದು. ಅಭ್ಯಾಸ ಯಾವಾಗ ಗಟ್ಟಿಯಾಗುತ್ತದೆ ಅಂತ ಪತಂಜಲಿ ತಮ್ಮ ಯೋಗಸೂತ್ರದ ಮೊದಲ ಪಾದದ, ಅಂದರೆ ಮೊದಲ ಅಧ್ಯಾಯದ, 14ನೇ ಸೂತ್ರದಲ್ಲಿ ಹೇಳುತ್ತಾರೆ. ಮೂರು ಬೇಕು: ದೀರ್ಘಕಾಲ, ಬಿಡದೆ ಮಾಡುವುದು, ಮತ್ತು ಸತ್ಕಾರ. ಮೊದಲೆರಡು ನಿಮ್ಮ ಬಳಿ ಧಾರಾಳವಾಗಿವೆ. ಮೂರನೆಯದು? ಸತ್ಕಾರ ಅಂದರೆ ಸೂತ್ರದಲ್ಲಿ ಆದರ, ಶ್ರದ್ಧೆ. ಆದರೆ ಕನ್ನಡದಲ್ಲಿ ನಾವು ಆ ಪದವನ್ನು ಯಾವಾಗ ಬಳಸುತ್ತೇವೆ? ಬಾಗಿಲಿಗೆ ಬಂದವರನ್ನು ಒಳಗೆ ಕರೆಯುವಾಗ, ಅಲ್ವಾ? ನಿಮ್ಮ ಬಾಗಿಲಿಗೆ ಆ ದಿನ ಯಾರೋ ಬಂದಿದ್ದರು.

ಊರ್ಧ್ವಮುಖಿ

ಗುರುಗಳೇ, ಪಟ್ಟಿಯಲ್ಲಿ ನಿಮಗೆ ಬೇಕಾದ್ದನ್ನು ಮಾತ್ರ ಹೆಕ್ಕಬೇಡಿ. ಐದನೆಯದು ಜನಸಂಗ. ಜನರ ಸಹವಾಸವೇ ಯೋಗ ಕೆಡಿಸುತ್ತದೆ ಅಂತ ಅದೇ ಶ್ಲೋಕ ಹೇಳುತ್ತದೆ. ಹಾಗಾದರೆ ಅವರು ಬಾಗಿಲು ಮುಚ್ಚಿದ್ದು ಸರಿ ಅಲ್ವಾ?

ಹಳೇಚಾಪೆ

ಒಳ್ಳೆಯ ಪ್ರಶ್ನೆ, ಕಿಚಾಯಿಸಲು ಹೇಳುತ್ತಿಲ್ಲ. ಆ ಶ್ಲೋಕಕ್ಕಿಂತ ಸ್ವಲ್ಪ ಮುಂಚೆ ಸಾಧಕ ಎಲ್ಲಿರಬೇಕು ಅಂತ ಬರೆದಿದೆ. ಏಕಾಂತದಲ್ಲಿ, ಒಂದು ಪುಟ್ಟ ಗುಡಿಸಲಲ್ಲಿ, ಒಬ್ಬನೇ. ಆ ಪುಸ್ತಕ ಬರೆದದ್ದು ಅಂಥವನಿಗೆ. ನಸುಕು ಅವರಿಗೆ ಮದುವೆಯಾಗಿದೆ, ಮಗುವಿದೆ. ಮನೆ ಕಟ್ಟಿಕೊಂಡು ಅದರೊಳಗೆ ಗುಡಿಸಲ ನಿಯಮ ತಂದರೆ ಉಳಿದವರು ಎಲ್ಲಿಗೆ ಹೋಗಬೇಕು? ಮಗಳು ಜನಸಂಗವಲ್ಲ ಮಾರಾಯರೇ, ಮಗಳು.

ಎರಡನೇಮಣಿ

ನಾನು ಅವರ ಹೆಂಡತಿಯ ಕಡೆಯಿಂದ ಬರೆಯುತ್ತೇನೆ. ಅವರ ಪರಿಚಯವಿಲ್ಲ, ಆದರೂ.

ನಸುಕು ಅವರೇ, ಬೆಳಗ್ಗೆ ಎರಡು ಗಂಟೆ ನಿಮಗೆ ಮೌನ ಸಿಗುತ್ತದಲ್ಲ, ಅದನ್ನು ಯಾರೋ ತಯಾರು ಮಾಡುತ್ತಿದ್ದಾರೆ. ಪಾತ್ರೆ ಸದ್ದಾಗದ ಹಾಗೆ ಇಡುವುದು, ಮಗು ಎದ್ದರೆ ಬಾಯಿ ಮೇಲೆ ಬೆರಳಿಟ್ಟು ಆಚೆ ಕರೆದುಕೊಂಡು ಹೋಗುವುದು, ನಲ್ಲಿ ಸಣ್ಣಗೆ ಬಿಡುವುದು. ಅದೂ ಸಾಧನೆಯೇ. ಅದಕ್ಕೆ ಟಿಕ್ ಮಾರ್ಕ್ ಇಲ್ಲ, ಅಷ್ಟೇ ವ್ಯತ್ಯಾಸ.

ನನಗೆ ಹನ್ನೊಂದು ವರ್ಷದಿಂದ ಜಪ ಇದೆ. ಒಂದೇ ಸಲ ಕೂತು ಐದು ಮಾಲೆ ಮಾಡಿದ್ದು ಒಮ್ಮೆಯೂ ಇಲ್ಲ. ನನ್ನ ಜಪವೆಲ್ಲ ತುಂಡು ತುಂಡು. ನಡೆಯುವಾಗ ಸ್ವಲ್ಪ, ಸಾಲಿನಲ್ಲಿ ನಿಂತಾಗ ಸ್ವಲ್ಪ, ಮಗ ಮಲಗುವ ತನಕ ಅವನ ಬೆನ್ನು ತಟ್ಟುತ್ತಾ ಸ್ವಲ್ಪ. 108ರಲ್ಲಿ ಮೂವತ್ತೇಳನೇ ಮಣಿಗೆ ಯಾರೋ ಕರೆಯುತ್ತಾರೆ. ಹೋಗಿ ಬಂದು ಮತ್ತೆ ಮೊದಲಿನಿಂದ. ಮೊದಮೊದಲು ಅಳು ಬರುತ್ತಿತ್ತು. ಆಮೇಲೆ ಗೊತ್ತಾಯಿತು, ನಾನು ಎಲ್ಲಕ್ಕಿಂತ ಜಾಸ್ತಿ ದಾಟಿರುವ ಮಣಿ ಎರಡನೆಯದು. ಅದಕ್ಕೇ ಈ ಹೆಸರು.

12ನೇ ಶತಮಾನದ ಶರಣರು ಹೊಲ ಉಳುತ್ತಾ, ಹಗ್ಗ ಹೊಸೆಯುತ್ತಾ, ಬಟ್ಟೆ ಒಗೆಯುತ್ತಾ ಭಕ್ತಿ ಮಾಡಿದವರು. ಆಯ್ದಕ್ಕಿ ಮಾರಯ್ಯನವರ ಕಾಯಕದ ವಚನ ನೋಡಿ. ಕಾಯಕದಲ್ಲಿ ಮುಳುಗಿದ್ದರೆ ಎದುರಿಗೆ ಗುರು ಬಂದರೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು ಅನ್ನುತ್ತಾರೆ. ಪೂಜೆಗೆ ಅಡ್ಡ ಬಂತು ಅಂತ ಕೆಲಸವನ್ನು ಬೈದವರಲ್ಲ.

ಅರೆಪದ್ಮ

ಎಲ್ಲರೂ ಶಿಸ್ತು, ನಿಯಮ, ಲೆಕ್ಕ ಅಂತಲೇ ಮಾತಾಡುತ್ತಿದ್ದೀರಿ. ನನಗೆ ಒಂದು ಅನುಮಾನ. ಭಕ್ತಿಗೂ ಇದಕ್ಕೂ ಏನು ಸಂಬಂಧ? ನಾರದ ಭಕ್ತಿ ಸೂತ್ರದಲ್ಲಿ 84 ಸೂತ್ರಗಳಿವೆ. ಎರಡನೆಯದರಲ್ಲೇ ಭಕ್ತಿ ಅಂದರೆ ಪರಮ ಪ್ರೇಮ ಅಂತ ಹೇಳಿ ಮುಗಿಸುತ್ತಾರೆ. ಪ್ರೀತಿಗೆ ಅಲಾರಂ ಇಟ್ಟು ಏಳುತ್ತಾರಾ? ನನ್ನ ಪ್ರಕಾರ ಭಕ್ತಿ ಒಂದು ದಾರಿ, ಯೋಗ ಇನ್ನೊಂದು. ಇವರು ಎರಡನ್ನೂ ಕಲಸಿಕೊಂಡು ಒದ್ದಾಡುತ್ತಿದ್ದಾರೆ.

ಹಳೇಚಾಪೆ

ಪ್ರೀತಿಗೆ ಅಲಾರಂ ಇಡುತ್ತಾರಪ್ಪ. ಮಗುವಿಗೆ ಔಷಧಿ ಕೊಡುವ ಹೊತ್ತಿಗೆ ಇಡುತ್ತಾರೆ.

ಪತಂಜಲಿಯವರಲ್ಲಿ ಎರಡೂ ಬೇರೆ ಬೇರೆ ಇಲ್ಲ. ಈಶ್ವರ ಪ್ರಣಿಧಾನ, ಅಂದರೆ ದೇವರಿಗೆ ಒಪ್ಪಿಸುವುದು, ಯೋಗಸೂತ್ರದಲ್ಲಿ ನಾಲ್ಕು ಕಡೆ ಬರುತ್ತದೆ. ಎರಡನೇ ಪಾದದ ಮೊದಲ ಸೂತ್ರವೇ ತಪಸ್ಸು, ಸ್ವಾಧ್ಯಾಯ, ಈಶ್ವರ ಪ್ರಣಿಧಾನ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿ ಕ್ರಿಯಾಯೋಗ ಅನ್ನುತ್ತದೆ. ಒಂದು ಕಡೆ ಬೆವರು, ಇನ್ನೊಂದು ಕಡೆ ಒಪ್ಪಿಸುವುದು. ಮಾಡಿದ್ದನ್ನು ಒಪ್ಪಿಸದೆ ಕೈಯಲ್ಲೇ ಇಟ್ಟುಕೊಂಡರೆ ಅದು ನೋಟ್‌ಬುಕ್ ಆಗುತ್ತದೆ.

ಆಸನಕ್ಕೆ ಅವರು ಕೊಟ್ಟಿರುವುದು ಬರೀ ಮೂರು ಸೂತ್ರ, ಇದನ್ನು ನನ್ನ ತರಗತಿಯಲ್ಲಿ ಹೇಳಿದರೆ ಅರ್ಧ ಜನ ಬೇಜಾರಾಗುತ್ತಾರೆ.

ಸಂಶಯಪ್ಪ

ದೇವರಿಲ್ಲದೆಯೂ ಜಪ ಏನು ಮಾಡುತ್ತದೆ ಅಂತ ಹೇಳಲು ನನಗೆ ಅವಕಾಶ ಕೊಡಿ. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಅಧ್ಯಯನ ಬಂತು. 23 ಆರೋಗ್ಯವಂತರಿಗೆ ಒಮ್ಮೆ ಲ್ಯಾಟಿನ್ ಭಾಷೆಯ ಜಪಸರದ ಪ್ರಾರ್ಥನೆ, ಒಮ್ಮೆ 'ಓಂ ಮಣಿ ಪದ್ಮೇ ಹೂಂ' ಹೇಳಿಸಿದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ಹೃದಯದ ಬಡಿತ, ರಕ್ತದೊತ್ತಡ ಎರಡೂ ಆ ತಾಳಕ್ಕೆ ಹೊಂದಿಕೊಂಡವು. ಎರಡು ಬೇರೆ ಧರ್ಮ, ಬೇರೆ ಭಾಷೆ, ಒಂದೇ ತಾಳ. ನನ್ನಂಥ ನಾಸ್ತಿಕನಿಗೂ ಮೈ ಜುಮ್ಮೆಂದಿತ್ತು.

ಹಾಗೇ ಇನ್ನೊಂದು, ಏಳುನೂರು ಟಿಕ್‌ಗಾಗಿ. ಹೊಸ ಅಭ್ಯಾಸ ಮೈಗೂಡಲು ಎಷ್ಟು ದಿನ ಬೇಕು ಅಂತ ಲಂಡನ್‌ನಲ್ಲಿ 96 ಜನರ ಮೇಲೆ ನೋಡಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಮಧ್ಯಮ ಲೆಕ್ಕ 66 ದಿನ. ಕೆಲವರಿಗೆ 18, ಕೆಲವರಿಗೆ 254. ನಿಮಗೆ ಬೇಕಾದ ಭಾಗ ಇದು: ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ಹೆಚ್ಚುಕಮ್ಮಿ ಏನೂ ಆಗಲಿಲ್ಲ. ನಿಮ್ಮದು ಯಾವತ್ತೋ ಗಟ್ಟಿಯಾಗಿದೆ. ಈಗ ನೀವು ಕಾಯುತ್ತಿರುವುದು ಅಭ್ಯಾಸವನ್ನಲ್ಲ, ಲೆಕ್ಕವನ್ನು.

ಕಿಟಕಿ

ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. 'ಜಾಗೃತಿ ಹತ್ತಿರದಲ್ಲಿದೆ' ಅನ್ನುವ ಮಾತು ಓದಿ ಸುಮ್ಮನಿರಲಾಗಲಿಲ್ಲ.

ನನ್ನ ತಮ್ಮ ಕೆಲವು ವರ್ಷದ ಹಿಂದೆ ಒಂದು ದೀರ್ಘ ಧ್ಯಾನ ಶಿಬಿರಕ್ಕೆ ಹೋಗಿ ಬಂದ. ಬಂದ ಮೇಲೆ ರಾತ್ರಿ ಎರಡು ಗಂಟೆ ಮಲಗಿದರೆ ಹೆಚ್ಚು. ಆದರೂ ಸುಸ್ತಿಲ್ಲ. ಒಂದೇ ಸಮನೆ ಮಾತು. ತನಗೆ ಎಲ್ಲ ತಿಳಿಯಿತು ಅನ್ನುತ್ತಿದ್ದ. ವಸ್ತುಗಳನ್ನೆಲ್ಲ ಕಂಡಕಂಡವರಿಗೆ ಕೊಟ್ಟುಬಿಟ್ಟ. ಅವನ ಗುಂಪಿನವರು ಕೈ ಮುಗಿದರು. ನಾವೂ ಮೊದಲ ಹತ್ತು ದಿನ ಹೆಮ್ಮೆಪಟ್ಟೆವು, ಅದನ್ನು ಒಪ್ಪಿಕೊಳ್ಳುತ್ತೇನೆ. ಒಂದು ತಿಂಗಳಾದ ಮೇಲೆ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ಬೈಪೋಲಾರ್, ಅಂದರೆ ಮನಸ್ಸು ವಿಪರೀತ ಏರಿ ಇಳಿಯುವ ಕಾಯಿಲೆ, ಅಂತ ಗೊತ್ತಾಯಿತು. ಈಗ ಮಾತ್ರೆ ತಗೊಳ್ಳುತ್ತಾನೆ, ಹದಿನೈದು ನಿಮಿಷ ಜಪವನ್ನೂ ಮಾಡುತ್ತಾನೆ. ಎರಡೂ ಜಗಳವಾಡಿಲ್ಲ.

ನಿದ್ದೆ ಬೇಡವೇ ಬೇಡ ಅನಿಸುವುದು, ಯೋಚನೆ ಓಡುತ್ತಲೇ ಇರುವುದು, ದನಿ ಕೇಳುವುದು, ಬದುಕೇ ಬೇಡ ಅನಿಸುವುದು, ಇವು ಬಂದರೆ ದಯವಿಟ್ಟು ಇಲ್ಲಿ ಕೇಳಬೇಡಿ, ವೈದ್ಯರನ್ನು ಕೇಳಿ. ಸಾಧನೆ ನಿಲ್ಲಿಸಿದರೆ ದೇವರು ಮುನಿಯುವುದಿಲ್ಲ.

ಊರ್ಧ್ವಮುಖಿ

ನಿಮ್ಮ ತಮ್ಮನ ವಿಷಯ ಕೇಳಿ ಬೇಸರವಾಯಿತು. ಆದರೆ ಎಲ್ಲ ಅನುಭವವನ್ನೂ ಕಾಯಿಲೆ ಅನ್ನುವುದು ಸರಿಯಲ್ಲ. ನನಗೆ ಬೆಳಕು ಕಾಣುತ್ತದೆ. ಬೆನ್ನಲ್ಲಿ ಝುಮ್ಮನೆ ಏರುತ್ತದೆ. ಅದು ಸುಳ್ಳಾ?

ಕಿಟಕಿ

ಸುಳ್ಳು ಅನ್ನಲಿಲ್ಲ. ಪತಂಜಲಿ ಅಡ್ಡಿಗಳನ್ನು ಎಣಿಸುವಾಗ ಒಂಬತ್ತು ಹೇಳುತ್ತಾರೆ. ಮೊದಲನೆಯದೇ ವ್ಯಾಧಿ. ಏಳನೆಯದು ಭ್ರಾಂತಿದರ್ಶನ, ಇಲ್ಲದ್ದನ್ನು ಇದೆ ಅಂತ ಕಾಣುವುದು. ಅವರೂ ಕಾಯಿಲೆಯನ್ನು ಕಾಯಿಲೆ ಅಂತಲೇ ಕರೆದರು ಅಂತಷ್ಟೇ ಹೇಳಿದೆ.

ಹಳೇಚಾಪೆ

ಬೆಳಕಿನ ವಿಷಯಕ್ಕೆ ನನ್ನ ಮರ್ಯಾದೆ ಹೋಗುವ ಕಥೆ ಒಂದಿದೆ. ಸಾಧನೆ ಶುರು ಮಾಡಿದ ಮೂರನೇ ವರ್ಷ. ಕಣ್ಣು ಮುಚ್ಚಿದರೆ ಹುಬ್ಬುಗಳ ನಡುವೆ ಒತ್ತಿದ ಹಾಗೆ, ಮಿಡಿದ ಹಾಗೆ. ಆಜ್ಞಾಚಕ್ರ ತೆರೆಯಿತು ಅಂತ ಒಂದು ತಿಂಗಳು ಯಾರ ಹತ್ತಿರವೂ ಹೇಳದೆ ಒಳಗೊಳಗೇ ಬೀಗಿದೆ. ಒಂದು ದಿನ ನನಗೆ ಕಲಿಸಿದ ಹಿರಿಯರು ಎದುರಿಗೆ ಕೂತು ನನ್ನ ಮುಖ ನೋಡಿದರು. 'ಕಣ್ಣು ಮುಚ್ಚಿಕೊಂಡು ಮೆಳ್ಳಗಣ್ಣು ಮಾಡ್ತಿದ್ದೀಯಲ್ಲೋ, ಸಡಿಲ ಬಿಡು' ಅಂದರು. ಬಿಟ್ಟೆ. ಚಕ್ರವೂ ಹೋಯಿತು, ತಲೆನೋವೂ ಹೋಯಿತು.

ಜೋರಾಗಿ ಕಪಾಲಭಾತಿ, ಭಸ್ತ್ರಿಕ ಮಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಆಗ ಬೆರಳು, ತುಟಿ ಜುಮುಜುಮು ಅನ್ನುತ್ತದೆ, ತಲೆ ಹಗುರಾಗುತ್ತದೆ. ಎಷ್ಟೋ ಜನ ಇದನ್ನೇ ಶಕ್ತಿ ಏರಿತು ಅಂದುಕೊಳ್ಳುತ್ತಾರೆ. ನಿಮ್ಮದು ಹಾಗೇ ಅಂತ ನಾನು ಹೇಳಲಾರೆ, ಊರ್ಧ್ವಮುಖಿಯವರೇ. ನಿಜವಾದ ಅನುಭವವೇ ಇರಬಹುದು. ಆದರೆ ಸಿದ್ಧಿಗಳೇ, ಅಂದರೆ ಸಾಧನೆಯಿಂದ ಬರುವ ವಿಶೇಷ ಶಕ್ತಿಗಳೇ, ಸಮಾಧಿಗೆ ಅಡ್ಡಿ ಅಂತ ಯೋಗಸೂತ್ರದ ಮೂರನೇ ಪಾದದಲ್ಲಿ ಸ್ಪಷ್ಟವಾಗಿ ಬರೆದಿದೆ. ಬೆಳಕು ಬಂದರೆ ಬರಲಿ, ಹೋದರೆ ಹೋಗಲಿ. ಅದಕ್ಕೆ ಕುರ್ಚಿ ಹಾಕಿ ಕೂರಿಸಬೇಡಿ.

ಎರಡನೇಮಣಿ

ಮೂಲ ಪ್ರಶ್ನೆ ಶುದ್ಧಿಯದ್ದು, ಅದು ಎಲ್ಲೋ ತೇಲಿ ಹೋಯಿತು. ಬಸವಣ್ಣನವರ 'ಕಳಬೇಡ ಕೊಲಬೇಡ' ನಮಗೆಲ್ಲ ಶಾಲೆಯಲ್ಲೇ ಬಾಯಿಗೆ ಬಂದದ್ದು. ಬಾಯಿಗೆ ಬಂದದ್ದರಿಂದಲೇ ತಲೆಗೆ ಹೋಗಿಲ್ಲ ಅನಿಸುತ್ತದೆ. ಒಮ್ಮೆ ಬೆರಳು ಮಡಚಿ ಎಣಿಸಿ ನೋಡಿ. ಕಳ್ಳತನ, ಕೊಲೆ, ಸುಳ್ಳು, ಸಿಟ್ಟು, ಇನ್ನೊಬ್ಬರ ಬಗ್ಗೆ ಅಸಹ್ಯ, ತನ್ನನ್ನು ಹೊಗಳಿಕೊಳ್ಳುವುದು, ಎದುರಿಗಿರುವವರನ್ನು ಹಳಿಯುವುದು. ಏಳು. ಈ ಏಳನ್ನು ಬಿಟ್ಟರೆ ಅದೇ ಅಂತರಂಗ ಶುದ್ಧಿ, ಅದೇ ಬಹಿರಂಗ ಶುದ್ಧಿ ಅನ್ನುತ್ತಾರೆ.

ಹೆಚ್ಚುಕಮ್ಮಿ ಎಲ್ಲದಕ್ಕೂ ಇನ್ನೊಬ್ಬರು ಬೇಕು, ಗಮನಿಸಿದಿರಾ? ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬರೇ ಕೂತಾಗ ಯಾರ ಮೇಲೆ ಮುನಿಯುತ್ತೀರಿ? ಯಾರನ್ನು ಹಳಿಯುತ್ತೀರಿ? ಒಳಗೆ ಕೂತಾಗ ನಾವೆಲ್ಲ ಶುದ್ಧವೇ. ಶುದ್ಧಿಯಾಗಿದೆಯೋ ಇಲ್ಲವೋ ಗೊತ್ತಾಗುವುದು ಕಾಗದದ ಸದ್ದು ಬಂದಾಗ. ಕೊಳೆ ಮೇಲೆ ಬಂತು ಅಂತೀರಲ್ಲ, ಬರಲಿ. ಆದರೆ ಅದನ್ನು ಎತ್ತಿ ಮಗಳ ಮೇಲೆ ಚೆಲ್ಲಿ 'ಶುದ್ಧಿಯಾಗುತ್ತಿದೆ' ಅಂದರೆ ಹೇಗೆ?

ಕಟುವಾಗಿದ್ದರೆ ಕ್ಷಮಿಸಿ. ಎದುರಿಗಿರುವವರನ್ನು ಹಳಿಯುವುದು ನನಗೂ ಬಿಟ್ಟಿಲ್ಲ.

ಜಪ ಒಣಗಿದ ಬಗ್ಗೆ ಒಂದು ಮಾತು. ನನಗೆ ನಾಲ್ಕು ವರ್ಷ ಒಣಗಿತ್ತು. ಮನಸ್ಸಿನಲ್ಲೇ ಹೇಳಿಕೊಳ್ಳುವ ಜಪ ಮೇಲು ಅಂತ ಕೇಳಿ ಅದನ್ನೇ ಹಿಡಿದಿದ್ದೆ. ತುಟಿ ಅಲ್ಲಾಡಿಸುವ ಉಪಾಂಶು, ದನಿ ತೆಗೆದು ಹೇಳುವ ವಾಚಿಕ ಎಲ್ಲ ಕೆಳಗಿನ ತರಗತಿ ಅನಿಸಿತ್ತು. ಒಂದು ದಿನ ಬೇಸತ್ತು ಜೋರಾಗಿ ಹೇಳಿದೆ. ನನ್ನ ದನಿ ನನಗೇ ಕೇಳಿಸಿತು. ಅದರಲ್ಲಿ ಎಷ್ಟು ಅವಸರ ಇತ್ತು ಅಂದರೆ, ಯಾರನ್ನೋ ಗದರಿಸುತ್ತಿದ್ದೇನೆ ಅನ್ನಬೇಕು! ನೀವೂ ಒಂದು ಮಾಲೆ ಜೋರಾಗಿ ಹೇಳಿ ನೋಡಿ. ಐದು ಬೇಡ. ಒಂದೇ.

ನಸುಕು

ಹನ್ನೆರಡು ದಿನವಾಯಿತು, ಉತ್ತರ ಬರೆದಿರಲಿಲ್ಲ. ಕೆಲವು ಮಾತು ಓದಿ ಸಿಟ್ಟು ಬಂದಿತ್ತು, ನಿಜ ಹೇಳುತ್ತೇನೆ. ಅದರಲ್ಲೂ ನೋಟ್‌ಬುಕ್ ವಿಷಯಕ್ಕೆ. ಆಮೇಲೆ ಅದೇ ವಿಷಯಕ್ಕೆ ಯಾಕೆ ಇಷ್ಟು ಚುರುಕ್ ಅಂದಿತು ಅಂತ ಯೋಚಿಸಿದೆ.

ಏನೇನು ಮಾಡಿದೆ ಹೇಳುತ್ತೇನೆ. ಹತ್ತಕ್ಕೆ ಮಲಗುತ್ತೇನೆ, ಐದೂವರೆಗೆ ಏಳುತ್ತೇನೆ. ಎರಡು ಮಾಲೆ, ಒಂದು ಜೋರಾಗಿ. ಎರಡನೇಮಣಿ ಅಕ್ಕ ಹೇಳಿದ್ದು ಸರಿ, ನನ್ನ ದನಿಯಲ್ಲೂ ಅವಸರವೇ. ಕೊನೆಯ ಮಣಿ ಮುಟ್ಟುವ ಅವಸರ. ಒಂದು ಭಾನುವಾರ ಬೇಕಂತಲೇ ಬಿಟ್ಟೆ. ಮಧ್ಯಾಹ್ನದ ತನಕ ಏನೋ ಕಳೆದುಕೊಂಡವನ ಹಾಗೆ ಚಡಪಡಿಸಿದೆ. ಕಳೆದುಕೊಂಡದ್ದು ದೇವರನ್ನಲ್ಲ, ಒಂದು ಟಿಕ್. ಅದು ಗೊತ್ತಾದಾಗ ನಗು ಬರಲಿಲ್ಲ.

ಮಗಳ ಹತ್ತಿರ ತಪ್ಪಾಯಿತು ಅಂದೆ. ಬಾಗಿಲು ತೆರೆದೇ ಇಡುತ್ತೇನೆ. ಆದರೆ ಅವಳು ಇನ್ನೂ ಪಿಸುಗುಡುತ್ತಾಳೆ. ಸಂಜೆ ಕೂಡ, ನಾನು ಸುಮ್ಮನೆ ಕುರ್ಚಿಯಲ್ಲಿ ಕೂತಿದ್ದಾಗಲೂ, ಹತ್ತಿರ ಬಂದು ಕಿವಿಯಲ್ಲಿ 'ಅಪ್ಪ, ಈಗ ಮಾತಾಡಬಹುದಾ?' ಅನ್ನುತ್ತಾಳೆ. ಅದು ಹೋಗಲು ಎಷ್ಟು ದಿನ ಬೇಕೋ. 66 ಅಂತೂ ಸಾಲದು ಅನಿಸುತ್ತದೆ.

ಸಿಟ್ಟು ಹೋಗಿಲ್ಲ. ಮೊನ್ನೆ ಫೋನಿನಲ್ಲಿ ಒಬ್ಬರ ಮೇಲೆ ಬಂತು. ಬಾಯಿ ತೆರೆದಿದ್ದೆ. ಶಬ್ದ ಬರುವ ಮೊದಲು ನನಗೆ ಗೊತ್ತಾಯಿತು. ಮುಂಚೆ ಗೊತ್ತಾಗುತ್ತಿದ್ದದ್ದು ಮಧ್ಯಾಹ್ನ.

ಇವತ್ತು ಬೆಳಗ್ಗೆ ಕಾಲು ಚಾಚಿ ಕೂತು ಪಶ್ಚಿಮೋತ್ತಾನಾಸನದಲ್ಲಿ ಮುಂದೆ ಬಗ್ಗಿದ್ದೆ. ಮಗಳು ಸದ್ದಿಲ್ಲದೆ ಬಂದು ಬೆನ್ನ ಮೇಲೆ ಹತ್ತಿ ಕೂತಳು. ಎರಡು ವರ್ಷದಲ್ಲಿ ಮೊದಲ ಸಲ ನನ್ನ ಹಣೆ ಮೊಣಕಾಲಿಗೆ ತಾಗಿತು.

ಎರಡನೇಮಣಿ

ಹೆಂಡತಿ ಏನಂದರು?

ನಸುಕು

ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. 'ನಾನೂ ಕೂರಲಾ?' ಅಂದಳು.

ಹಳೇಚಾಪೆ

ಯಾರೂ ಕೂರಬೇಡಿ! ಮುಂದೆ ಬಗ್ಗಿದಾಗ ಬೆನ್ನ ಮೇಲೆ ಭಾರ ಹಾಕಿದರೆ ಸೊಂಟದ ಡಿಸ್ಕ್‌ಗೆ ಪೆಟ್ಟಾಗಬಹುದು. ಮಗಳಿಗೆ ಆರು ವರ್ಷ ಅಂದರೆ ಹತ್ತೊಂಬತ್ತು, ಇಪ್ಪತ್ತು ಕೆಜಿಯಾದರೂ ಇರುತ್ತಾಳೆ. ಹಣೆ ಮೊಣಕಾಲಿಗೆ ತಾಗದಿದ್ದರೆ ಏನೂ ಮುಳುಗುವುದಿಲ್ಲ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಮೊಣಕಾಲು ಸ್ವಲ್ಪ ಮಡಚಿ ಬಗ್ಗಿ, ತೊಡೆಯ ಸಂದಿನಿಂದ ಬಗ್ಗಿ, ಬೆನ್ನಿನಿಂದಲ್ಲ. ಎರಡು ವರ್ಷದಿಂದ ಯಾರೂ ಹೇಳಿಲ್ಲವಾ ಇದನ್ನು?

ಸಂಶಯಪ್ಪ

ಹತ್ತಕ್ಕೆ ಮಲಗುತ್ತೇನೆ ಅಂದಿರಿ. ಈ ಉತ್ತರ ಬರೆದಿರುವುದು ರಾತ್ರಿ ಹನ್ನೊಂದೂ ಇಪ್ಪತ್ತಕ್ಕೆ.

ನಸುಕು

ಹೊರಟೆ ಹೊರಟೆ.